ಅಂಗಡಿಗೆ ಓಡುವ ಮೊದಲು ಮನೆಯ ಡಬ್ಬ ತೆರೆದು ನೋಡಿ

2020ರ ಮಾರ್ಚ್ ಕೊನೆ, ಕೊರೊನಾ ಲಾಕ್‌ಡೌನ್. ನಮ್ಮ ದಕ್ಷಿಣ ಕನ್ನಡದಲ್ಲಿ ಎರಡು ಮೂರು ದಿನ ಅಂಗಡಿಗಳೆಲ್ಲ ಪೂರ್ತಿ ಬಂದ್. ಆಮೇಲೆ ಮಂಗಳವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 3ರವರೆಗೆ ತೆರೆದಿರುತ್ತವೆ ಎಂದು ಸುದ್ದಿ ಬಂತು. ನಾನು ಐದೂಮುಕ್ಕಾಲಿಗೇ ಚೀಲ ಹಿಡಿದು ಹೋದೆ. ಮಂಗಳೂರಿನ ಬಿಜೈಯ ಆ ಸಣ್ಣ ದಿನಸಿ ಅಂಗಡಿಯ ಮುಂದೆ ಆಗಲೇ ಮೂವತ್ತು ನಲವತ್ತು ಜನ. ಮನೆಗೆ ಬೇಕಾಗಿದ್ದದ್ದು ತೊಗರಿಬೇಳೆ, ಸಾಸಿವೆ, ಎರಡು ತೆಂಗಿನಕಾಯಿ. ನಾನು ಹೊತ್ತು ತಂದದ್ದು ಆರು ಕಿಲೋ ರವೆ, ನಾಲ್ಕು ಕಿಲೋ ಮೈದಾ, ಹನ್ನೆರಡು ಪ್ಯಾಕೆಟ್ ಶಾವಿಗೆ. ತೆಂಗಿನಕಾಯಿ ಮರೆತೇ ಹೋಗಿತ್ತು. ಮಂಗಳೂರಿನವರು ಅಂಗಡಿಗೆ ಹೋಗಿ ತೆಂಗಿನಕಾಯಿ ಮರೆತು ಬರುವುದೆಂದರೆ ತಲೆ ಎಷ್ಟು ಕೆಟ್ಟಿತ್ತು ನೋಡಿ.

ಮೈದಾ ಎಂತಕ್ಕೆ ಎಂದು ಅಮ್ಮ ಕೇಳಿದರು. ನಮ್ಮ ಮನೆಯಲ್ಲಿ ಮೈದಾ ಬೇಕಾಗುವುದು ಗೋಳಿಬಜೆಗೆ, ಅದೂ ಜೋರು ಮಳೆ ಬಂದ ಸಂಜೆ. ನನ್ನ ಹತ್ತಿರ ಇದ್ದ ಉತ್ತರ ಒಂದೇ: ಮುಂದೆ ನಿಂತಿದ್ದವರು ತೆಗೆದುಕೊಂಡರು.

ಇದನ್ನು ಬರೆಯುತ್ತಿರುವುದು ಯಾರಿಗೂ ಬುದ್ಧಿ ಹೇಳಲಿಕ್ಕಲ್ಲ. ಮುಂದಿನ ಸಲ, ಅದು ಜ್ವರವೋ ಯುದ್ಧವೋ ಘಾಟಿ ಕುಸಿತವೋ ಲಾರಿ ಮುಷ್ಕರವೋ, ನೀವು ಮೈದಾ ಹೊತ್ತುಕೊಂಡು ಬರದೇ ಇರಲು ಏನು ಮಾಡಬಹುದು ಎಂದು ಹೇಳಲಿಕ್ಕೆ.

ಮೊದಲು, ಹೀಗೆ ಯಾಕೆ ಆಗುತ್ತದೆ

ಜನರಿಗೆ ಬುದ್ಧಿ ಇಲ್ಲ ಎನ್ನುವುದು ಸುಲಭ. ಆದರೆ ಸ್ವಲ್ಪ ಲೆಕ್ಕ ಹಾಕಿ. ನಿಮ್ಮ ಬೀದಿಯ ಅಂಗಡಿಗೆ ನೂರು ಮನೆ ಗಿರಾಕಿ. ಒಂದೊಂದು ಮನೆಗೆ ವಾರಕ್ಕೆ ಒಂದು ಕಿಲೋ ರವೆ. ಅಂಗಡಿಯವರು ನೂರಕ್ಕೆ ಸ್ವಲ್ಪ ಮೇಲೆ ಪ್ಯಾಕೆಟ್ ಇಡುತ್ತಾರೆ, ಸೋಮವಾರ ಒಬ್ಬರು, ಗುರುವಾರ ಒಬ್ಬರು ಬಂದು ಒಯ್ಯುತ್ತಾರೆ, ವಾರದ ಕೊನೆಗೆ ಹೊಸ ಮಾಲು ಬರುತ್ತದೆ. ಈಗ ಒಂದೇ ಸಂಜೆ ನೂರು ಮನೆಯವರೂ ಬಂದು ಎರಡೆರಡು ಕೇಳಿದರೆ? ಐವತ್ತು ಚಿಲ್ಲರೆ ಮನೆಗೆ ಸಿಗುತ್ತದೆ, ಉಳಿದವರಿಗೆ ಖಾಲಿ ಹಲಗೆ. ದೇಶದಲ್ಲಿ ಒಂದು ಕಾಳೂ ಕಮ್ಮಿ ಆಗಿಲ್ಲ. ಯಾರೂ ದುರಾಸೆ ಮಾಡಿಲ್ಲ, ಒಂದು ಪ್ಯಾಕೆಟ್ ಜಾಸ್ತಿ ತೆಗೆದುಕೊಂಡದ್ದು ಅಷ್ಟೇ. ಆದರೂ ಅಂಗಡಿ ಖಾಲಿ. ಆ ಖಾಲಿ ಹಲಗೆಯ ಫೋಟೋ ಅರ್ಧ ಗಂಟೆಯಲ್ಲಿ ಫ್ಲಾಟಿನ ವಾಟ್ಸಾಪ್ ಗುಂಪಿಗೆ ಬಂದರೆ ಇನ್ನೊಂದು ನೂರು ಮನೆ ಇನ್ನೊಂದು ಅಂಗಡಿಗೆ ಹೊರಡುತ್ತದೆ.

ಹೀಗೆ ಸುಳ್ಳು ಭಯವೇ ತನ್ನನ್ನು ತಾನು ನಿಜ ಮಾಡಿಕೊಳ್ಳುವುದನ್ನು ರಾಬರ್ಟ್ ಮರ್ಟನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1948ರಲ್ಲೇ ವಿವರಿಸಿದ್ದ. ಅವನು ಕೊಟ್ಟ ಉದಾಹರಣೆ ಬ್ಯಾಂಕಿನದ್ದು. ಬ್ಯಾಂಕ್ ಗಟ್ಟಿಯಾಗಿಯೇ ಇದೆ, ಮುಳುಗುತ್ತದೆ ಎಂಬ ಗಾಳಿಸುದ್ದಿಗೆ ಎಲ್ಲರೂ ಒಟ್ಟಿಗೆ ದುಡ್ಡು ತೆಗೆಯಲು ಹೋಗುತ್ತಾರೆ, ಬ್ಯಾಂಕ್ ನಿಜವಾಗಿಯೂ ಮುಳುಗುತ್ತದೆ. ಇಲ್ಲಿ ಸಿಕ್ಕು ಎಲ್ಲಿದೆ ಎಂದರೆ, ಬೇರೆಯವರೆಲ್ಲ ಓಡುತ್ತಿರುವಾಗ ನಾನೂ ಓಡುವುದು ನನ್ನ ಮಟ್ಟಿಗೆ ಸರಿಯೇ. ಬೇಳೆ ಖಾಲಿಯಾಗುವುದಿಲ್ಲ ಎಂದು ನನಗೆ ಗೊತ್ತಿರಬಹುದು. ಆದರೆ ಪಕ್ಕದ ಮನೆಯವರಿಗೆ ಅದು ಗೊತ್ತಿದೆಯಾ ಎಂದು ನನಗೆ ಗೊತ್ತಿಲ್ಲವಲ್ಲ.

ಇನ್ನೊಂದು ಕಾರಣ ನಮ್ಮ ಕಣ್ಣಿನದ್ದು. 1975ರಲ್ಲಿ ಸ್ಟೀಫನ್ ವರ್ಶೆಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಒಂದು ಸಣ್ಣ ಪರೀಕ್ಷೆ ಮಾಡಿದರು. ಕೆಲವರಿಗೆ ಹತ್ತು ಬಿಸ್ಕತ್ತು ಇದ್ದ ಡಬ್ಬದಿಂದ ಒಂದು ಕೊಟ್ಟರು, ಕೆಲವರಿಗೆ ಎರಡೇ ಇದ್ದ ಡಬ್ಬದಿಂದ. ಬಿಸ್ಕತ್ತು ಎಲ್ಲ ಒಂದೇ. ಎರಡರ ಡಬ್ಬದ್ದು ಹೆಚ್ಚು ಬೇಕು ಅನಿಸಿತು. ಹತ್ತು ಇದ್ದದ್ದು ಕಣ್ಣೆದುರೇ ಎರಡಾದರೆ ಇನ್ನೂ ಹೆಚ್ಚು. ಬೇರೆಯವರು ತೆಗೆದುಕೊಂಡು ಹೋದದ್ದರಿಂದ ಕಮ್ಮಿಯಾಯಿತು ಎಂದರೆ ಎಲ್ಲಕ್ಕಿಂತ ಹೆಚ್ಚು. ಆದರೆ ರುಚಿ ಹೇಗಿದೆ ಎಂದು ಕೇಳಿದರೆ ಅದೇನೂ ಹೆಚ್ಚು ರುಚಿ ಅಲ್ಲ ಎಂದರಂತೆ! ನನ್ನ ಮೈದಾಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ಬೇಡ.

ಮೂರನೆಯದು, ಕೈಗೆ ಒಂದು ಕೆಲಸ ಬೇಕು. ರೋಗ ನಿಲ್ಲಿಸಲು ನಮ್ಮಿಂದ ಆಗುವುದಿಲ್ಲ, ಗಡಿಯಲ್ಲಿ ಏನಾಗುತ್ತಿದೆ ಗೊತ್ತಿಲ್ಲ, ಆದರೆ ಅಕ್ಕಿ ತರಬಹುದು. ತಂದರೆ ಏನೋ ಮಾಡಿದೆ ಎಂಬ ಸಮಾಧಾನ. ಇದು ತಪ್ಪಲ್ಲ. ಆ ಸಮಾಧಾನವನ್ನು ಬೇರೆ ಕೆಲಸದಿಂದ ಪಡೆಯಬಹುದು ಎನ್ನುವುದು ನನ್ನ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಅಜ್ಜಿಯೂ ಕೂಡಿಡುತ್ತಿದ್ದರಲ್ಲ?

ಹೌದು, ಕೂಡಿಡುತ್ತಿದ್ದರು. ಕಾರ್ಕಳದ ಹತ್ತಿರದ ನಮ್ಮ ಹಳೆ ಮನೆಯ ಅಡುಗೆಕೋಣೆಯ ಅಟ್ಟ ಮೇ ಕೊನೆಗೆ ತುಂಬಿ ತುಳುಕುತ್ತಿತ್ತು. ಬೈಹುಲ್ಲು ಸುತ್ತಿ ಬಿಗಿದ ಅಕ್ಕಿಮುಡಿ. ಹಲಸಿನ ಹಪ್ಪಳದ ಕಟ್ಟು. ಭರಣಿಯಲ್ಲಿ ಉಪ್ಪುನೀರಿನ ಮಾವಿನಕಾಯಿ, ಇನ್ನೊಂದರಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ, ತುಳುವಿನಲ್ಲಿ ಉಪ್ಪಡ್ ಪಚ್ಚಿಲ್ ಎನ್ನುತ್ತೇವಲ್ಲ, ಅದು. ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತುಹಾಕಿದ ಸೌತೆಕಾಯಿ ಸಾಲು. ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಯಾಕೆಂದರೆ ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಈಗಲೂ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇದೆ. ಜುಲೈ-ಆಗಸ್ಟ್ ಹೊತ್ತಿನ ತುಳುವಿನ ಆಟಿ ತಿಂಗಳಲ್ಲಿ ಗದ್ದೆ ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ.

ಅಜ್ಜಿಯ ಅಟ್ಟ ತುಂಬಿದ್ದರಿಂದ ಪಕ್ಕದ ಮನೆಯವರಿಗೆ ಒಂದು ಸೌತೆಕಾಯಿಯೂ ಕಮ್ಮಿಯಾಗಲಿಲ್ಲ. ಯಾಕೆ? ಹಲಸು ರಾಶಿ ಬಿದ್ದು ಕೊಳೆಯುವಾಗ ಹಪ್ಪಳ ಮಾಡಿದರು. ಮಾವು ಕೇಳುವವರಿಲ್ಲದಾಗ ಭರಣಿಗೆ ಹಾಕಿದರು. ಎರಡು ತಿಂಗಳು ನಿಧಾನವಾಗಿ, ಬಿಸಿಲು ನೋಡಿಕೊಂಡು. ಮಳೆ ಶುರುವಾದ ಮೇಲೆ ತೆಗೆದು ತಿನ್ನುವುದಷ್ಟೇ, ತುಂಬುವುದಿಲ್ಲ.

ನಾವು ಮಾಡುವುದು ಸರೀ ಉಲ್ಟಾ. ಸಾಮಾನು ಧಾರಾಳ ಇರುವಾಗ ಮನೆಯಲ್ಲಿ ಮೂರು ದಿನದ್ದೂ ಇರುವುದಿಲ್ಲ, ಬೇಕಾದಾಗ ಫೋನಿನಲ್ಲಿ ಒತ್ತಿದರೆ ಬರುತ್ತದೆ ಎಂಬ ಧೈರ್ಯ. ಕಷ್ಟ ಬಂದ ಸಂಜೆ ಮೂರು ತಿಂಗಳದ್ದು ತುಂಬಲು ಹೊರಡುತ್ತೇವೆ. ಕೂಡಿಡುವುದರಲ್ಲಿ ತಪ್ಪಿಲ್ಲ. ಯಾವ ದಿನ ಕೂಡಿಡುತ್ತೀರಿ ಎನ್ನುವುದರಲ್ಲಿ ಇರುವುದು. ಕೆಳಗೆ ಹೇಳುವುದೆಲ್ಲ ಇದೊಂದರ ಮೇಲೆಯೇ ನಿಂತಿದೆ.

ಸುಮ್ನೆ ಇರುವ ದಿನಗಳಲ್ಲಿ ಮಾಡುವ ಕೆಲಸ

ಒಂದು ವಾರ ಮನೆಯಲ್ಲಿ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂದು ಬರೆದಿಡಿ. ಅಂದಾಜು ಬೇಡ, ಅಳೆಯಿರಿ. ನಮ್ಮ ಮನೆಯಲ್ಲಿ ನಾಲ್ಕು ಜನ. ದಿನಕ್ಕೆ ಸುಮಾರು ಒಂದು ಕಿಲೋ ಕುಚ್ಚಲಕ್ಕಿ, ಕಾಲು ಕಿಲೋಗಿಂತ ಕಮ್ಮಿ ಬೇಳೆ, ಒಂದು ದೊಡ್ಡ ತೆಂಗಿನಕಾಯಿ, ದೋಸೆ ಹಿಟ್ಟು ರುಬ್ಬಿದ ದಿನ ಬೆಳ್ತಿಗೆ ಅಕ್ಕಿ ಮತ್ತು ಉದ್ದು ಬೇರೆ. ಅಂದರೆ 25 ಕಿಲೋ ಅಕ್ಕಿಚೀಲ ಒಂದು ಹೆಚ್ಚುಕಡಿಮೆ ಮೂರೂವರೆ ವಾರ ಬರುತ್ತದೆ. ಈ ಲೆಕ್ಕ ಗೊತ್ತಾದ ದಿನ ನನ್ನ ಅರ್ಧ ಹೆದರಿಕೆ ಹೋಯಿತು. 2020ರಲ್ಲಿ ನಾನು ಸಾಲಿನಲ್ಲಿ ನಿಂತಿದ್ದಾಗ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಚೀಲ ಅಕ್ಕಿ ಇತ್ತು. ನಾನು ನೋಡಿರಲೇ ಇಲ್ಲ!

ಗುರಿ ಎರಡು ವಾರದ್ದು ಸಾಕು. ಕರಾವಳಿಯಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ, ರಸ್ತೆ ಮುಚ್ಚಿ, ಮನೆಯಲ್ಲಿ ಒಬ್ಬರಿಗೆ ಜ್ವರ ಬಂದು ಹೊರಗೆ ಹೋಗಲಾಗದಿದ್ದರೂ ಎರಡು ವಾರ ದಾಟುವುದಿಲ್ಲ. ಆ ಎರಡು ವಾರದ್ದನ್ನು ಒಂದೇ ಸಲ ತರಬೇಡಿ. ಪ್ರತಿ ಸಲ ಜೀನಸು ತರುವಾಗ ಒಂದೇ ಒಂದು ವಸ್ತು ಮಾತ್ರ ಸ್ವಲ್ಪ ಜಾಸ್ತಿ ತನ್ನಿ. ಈ ವಾರ ಬೇಳೆ, ಮುಂದಿನ ವಾರ ಉಪ್ಪು ಮತ್ತು ಬೆಲ್ಲ, ಆಮೇಲೆ ಎಣ್ಣೆ. ಎರಡು ತಿಂಗಳಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮನೆ ತುಂಬಿರುತ್ತದೆ, ಅಂಗಡಿಯವರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮಳೆಗಾಲಕ್ಕೆ ಸರಿಹೋಗುತ್ತದೆ.

ಮನೆಯಲ್ಲಿ ದಿನಾ ತಿನ್ನುವುದನ್ನೇ ಇಡಿ. ಇದು ಮುಖ್ಯ. ಕಷ್ಟಕಾಲಕ್ಕೆಂದು ವಿಶೇಷ ತಿಂಡಿ ಇಟ್ಟರೆ ಕಷ್ಟಕಾಲ ಬರುವ ಹೊತ್ತಿಗೆ ಅದಕ್ಕೆ ಹುಳ ಬಂದಿರುತ್ತದೆ. ಹೊಸದು ತಂದದ್ದು ಹಿಂದೆ, ಹಳೆಯದು ಮುಂದೆ. ಡಬ್ಬದ ಮೇಲೆ ಒಂದು ತುಂಡು ಟೇಪ್ ಅಂಟಿಸಿ ತಂದ ತಿಂಗಳು ಬರೆಯಿರಿ.

ನಮ್ಮ ಊರಿನ ದೊಡ್ಡ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರಾಗುತ್ತದೆ, ಹಪ್ಪಳಕ್ಕೆ ಬೂಷ್ಟು ಬರುತ್ತದೆ. ತೌಡು ಉಳಿದ ಕೆಂಪು ಕುಚ್ಚಲಕ್ಕಿ ಪಾಲಿಶ್ ಮಾಡಿದ್ದಕ್ಕಿಂತ ಬೇಗ ಮುಗ್ಗುತ್ತದೆ, ತೌಡಿನಲ್ಲಿ ಎಣ್ಣೆ ಇರುತ್ತದಲ್ಲ, ಹಾಗಾಗಿ ಅದನ್ನು ತಿಂಗಳದ್ದಕ್ಕಿಂತ ಹೆಚ್ಚು ಇಡಬೇಡಿ. ಅಕ್ಕಿಚೀಲ ನೆಲಕ್ಕೂ ಗೋಡೆಗೂ ತಾಗಬಾರದು, ಕೆಳಗೆ ಒಂದು ಹಲಗೆ ಇರಲಿ. ರವೆ ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ, ಗಾಳಿಯಾಡದ ಡಬ್ಬಕ್ಕೆ. ಹಿಟ್ಟಿನಲ್ಲಿ ಹುಳ ಹೊರಗಿನಿಂದ ಬರುತ್ತದೆ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಮೊಟ್ಟೆ ಪ್ಯಾಕೆಟಿನ ಒಳಗೇ ಬಂದಿರುತ್ತದೆ, ಮನೆಯಲ್ಲಿ ಮರಿಯಾಗುತ್ತದೆ ಅಷ್ಟೇ. ಫ್ರೀಜರಿನಲ್ಲಿ ಜಾಗ ಇದ್ದರೆ ನಾಲ್ಕು ದಿನ ಇಟ್ಟು ತೆಗೆಯಿರಿ, ಮೊಟ್ಟೆ ಸಾಯುತ್ತದೆ. ತೆಂಗಿನೆಣ್ಣೆ ಕಮಟು ಬರುವ ಮೊದಲು ಮುಗಿಸಿ.

ಮಾತ್ರೆ, ಮಗುವಿನ ಹಾಲುಪುಡಿ, ಗ್ಯಾಸ್ ಸಿಲಿಂಡರ್ ಎರಡನೆಯದು: ಇವು ಅಕ್ಕಿಗಿಂತ ಮೊದಲು. ಬಿಪಿ ಮಾತ್ರೆ ಹದಿನೈದು ದಿನದ್ದು ಮೇಲಿಂದ ಇರಲಿ.

ಸುದ್ದಿ ಬಂದ ಸಂಜೆ

ಫೋನಿಗೆ ಸಂದೇಶ ಬಂತು: ನಾಳೆಯಿಂದ ಇಂಥದ್ದು ಸಿಗುವುದಿಲ್ಲ, ಈಗಲೇ ತೆಗೆದಿಡಿ. ಮೊದಲು ಮಾಡಬೇಕಾದ್ದು ಚಪ್ಪಲಿ ಹಾಕುವುದಲ್ಲ. ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿ, ಎಷ್ಟು ದಿನಕ್ಕೆ ಇದೆ ಎಂದು ಹಾಳೆಯ ಮೇಲೆ ಬರೆಯಿರಿ. ಕೈಗೆ ಕೆಲಸ ಬೇಕು ಎಂದಿದ್ದೆನಲ್ಲ, ಇದೇ ಆ ಕೆಲಸ. ಇಪ್ಪತ್ತು ನಿಮಿಷ ಬೇಕು. ಬರೆದು ಮುಗಿಸುವಷ್ಟರಲ್ಲಿ ಎದೆಬಡಿತವೂ ಇಳಿದಿರುತ್ತದೆ.

ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ವಸ್ತು ಎಲ್ಲಿಂದ ಬರುತ್ತದೆ, ಆ ದಾರಿಯಲ್ಲಿ ನಿಜವಾಗಿ ಏನು ಕೆಟ್ಟಿದೆ?

2016ರ ನವೆಂಬರ್‌ನಲ್ಲಿ ನೋಟು ರದ್ದಾದ ಕೆಲವೇ ದಿನಕ್ಕೆ ಉತ್ತರ ಭಾರತದಲ್ಲಿ ಉಪ್ಪು ಸಿಗುವುದಿಲ್ಲ ಎಂಬ ಗಾಳಿಸುದ್ದಿ ಹಬ್ಬಿತು. ದೆಹಲಿ, ಉತ್ತರ ಪ್ರದೇಶದಲ್ಲಿ ಜನ ಅಂಗಡಿಗೆ ಮುಗಿಬಿದ್ದರು, ಕೆಲವು ಕಡೆ ಕಿಲೋಗೆ ನೂರಾರು ರೂಪಾಯಿ ಕೊಟ್ಟರು. ನಮ್ಮ ದೇಶದ ಉಪ್ಪಿನ ಬಹುಪಾಲು ಬರುವುದು ಗುಜರಾತಿನಿಂದ, ನಾವು ಹೊರದೇಶಕ್ಕೂ ಉಪ್ಪು ಮಾರುವವರು. ನೋಟಿಗೂ ಉಪ್ಪಿನ ಗದ್ದೆಗೂ ಎಂತ ಸಂಬಂಧ? ಯಾರೂ ಕೇಳಲಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ದುರಂತ ಆದಾಗ ಚೀನಾದಲ್ಲಿಯೂ ಹೀಗೇ, ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಟ್ಟುವುದಿಲ್ಲ ಎಂದು ಉಪ್ಪಿನ ಹಲಗೆ ಖಾಲಿ ಮಾಡಿದರು.

ಎಲ್ಲ ಸುದ್ದಿಯೂ ಸುಳ್ಳಲ್ಲ, ಅದನ್ನೂ ಹೇಳಬೇಕು. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ಸರ್ಕಾರ ನಿಜವಾಗಿಯೂ ನಿಲ್ಲಿಸಿತು. ಅಮೆರಿಕದಲ್ಲಿರುವ ನಮ್ಮವರು ಮರುದಿನವೇ ಕಾರು ತೆಗೆದುಕೊಂಡು ಹೋಗಿ ಸೋನಾ ಮಸೂರಿ ಚೀಲಗಳನ್ನು ಹೇರಿಕೊಂಡರು, ಅಂಗಡಿಯವರು ಒಬ್ಬರಿಗೆ ಒಂದೇ ಚೀಲ ಎಂದು ಬೋರ್ಡ್ ಹಾಕಬೇಕಾಯಿತು. ಅಲ್ಲಿ ಸುದ್ದಿ ನಿಜ, ಓಟ ಮಾತ್ರ ಅತಿ. ರಫ್ತು ನಿಂತರೂ ಅಲ್ಲಿನ ಗೋದಾಮಿನಲ್ಲಿ ಇದ್ದ ಅಕ್ಕಿ ಮಾಯವಾಗುವುದಿಲ್ಲವಲ್ಲ.

ನಮ್ಮ ಕಡೆಗೆ ನಿಜವಾದ ತೊಂದರೆ ಎಂದರೆ ಘಾಟಿ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ಕಡೆ ಗುಡ್ಡ ಕುಸಿಯಿತು, ಮರುವರ್ಷ ಚಾರ್ಮಾಡಿ, 2024ರ ಜುಲೈಯಲ್ಲಿ ಮತ್ತೆ ಶಿರಾಡಿ. ಘಾಟಿ ಮುಚ್ಚಿದರೆ ಹಾಸನ, ಚಿಕ್ಕಮಗಳೂರು ಕಡೆಯ ಬೀನ್ಸ್, ಕ್ಯಾರೆಟ್, ಟೊಮೆಟೊ, ಕೊತ್ತಂಬರಿ ಸೊಪ್ಪು ತಡವಾಗುತ್ತದೆ, ರೇಟು ಏರುತ್ತದೆ. ಆದರೆ ನೋಡಿ, ಇವು ಯಾವುವೂ ಕೂಡಿಡಲು ಆಗುವಂಥದ್ದೇ ಅಲ್ಲ. ಐದು ಕಿಲೋ ಟೊಮೆಟೊ ತಂದರೆ ನಾಲ್ಕನೇ ದಿನ ಎರಡು ಕಿಲೋ ಕಸಕ್ಕೆ. ಆ ವಾರ ಬಸಳೆ, ತೊಂಡೆ, ಬಾಳೆಕಾಯಿ, ಪಪ್ಪಾಯಿಕಾಯಿ ತಿನ್ನಿ. ಕೆಸುವಿನೆಲೆ ಬೇಲಿಬದಿಯಲ್ಲೇ ಇರುತ್ತದೆ, ಪತ್ರೊಡೆ ಮಾಡಲು ಮಳೆಗಾಲಕ್ಕಿಂತ ಒಳ್ಳೆ ಕಾಲ ಯಾವುದು? ಅಕ್ಕಿಯ ಚಿಂತೆ ಇನ್ನೂ ಕಮ್ಮಿ. ಕಾರ್ಕಳದ ಸುತ್ತ ಕುಚ್ಚಲಕ್ಕಿಯ ಮಿಲ್ಲುಗಳು ಇವೆ, ದಾರಿ ಘಾಟಿಯದ್ದೊಂದೇ ಅಲ್ಲ, ಉತ್ತರಕ್ಕೂ ದಕ್ಷಿಣಕ್ಕೂ ಹೆದ್ದಾರಿ 66 ಇದೆ. ಇನ್ನು ಕೇಂದ್ರ ಸರ್ಕಾರ ಪ್ರತಿ ವರ್ಷ ಜುಲೈ 1ಕ್ಕೆ ಗೋದಾಮಿನಲ್ಲಿ ಇರಲೇಬೇಕು ಎಂದು ಇಟ್ಟುಕೊಂಡ ಲೆಕ್ಕವೇ ಅಕ್ಕಿ ಗೋಧಿ ಸೇರಿ ಸುಮಾರು 411 ಲಕ್ಷ ಟನ್.

ಸಂದೇಶವನ್ನು ಮುಂದೆ ಕಳಿಸಬೇಡಿ. ‘ಸುಳ್ಳಿರಬಹುದು, ಆದರೂ ಇರಲಿ’ ಎಂದು ಬರೆದು ಕಳಿಸುವವರು ಜಾಸ್ತಿ ಅಪಾಯ. ಆ ಮೂರು ಪದ ಯಾರೂ ಓದುವುದಿಲ್ಲ. ‘ಅಂಗಡಿಗೆ ಓಡಬೇಡಿ’ ಎಂದು ಗುಂಪಿನಲ್ಲಿ ಬರೆದರೂ ಅದೇ ಕತೆ, ಓ ಎಲ್ಲರೂ ಓಡುತ್ತಿದ್ದಾರೆ ಎಂದೇ ಓದಿಕೊಳ್ಳುತ್ತಾರೆ. ಅದರ ಬದಲು ಕಂಡದ್ದನ್ನು ಬರೆಯಿರಿ: ‘ಈಗಷ್ಟೇ ಕೆಳಗಿನ ಅಂಗಡಿಗೆ ಹೋಗಿದ್ದೆ, ಬೇಳೆ ಅಕ್ಕಿ ಎಲ್ಲ ಇದೆ, ನಾಳೆ ಬೆಳಿಗ್ಗೆ ಲೋಡ್ ಬರುತ್ತದಂತೆ.’ ಅಂಗಡಿಯವರನ್ನು ಕೇಳಿಯೇ ಬರೆಯಿರಿ ಮತ್ತೆ, ಕಲ್ಪಿಸಿಕೊಂಡು ಅಲ್ಲ.

ಹೋಗಲೇಬೇಕಾದರೆ

ಪಟ್ಟಿ ಬರೆದುಕೊಂಡು ಹೋಗಿ, ಪಟ್ಟಿಯಲ್ಲಿ ಇಲ್ಲದ್ದನ್ನು ಮುಟ್ಟಬೇಡಿ. ಬಾಗಿಲು ತೆರೆಯುವ ಹೊತ್ತಿಗೆ ಹೋಗಬೇಡಿ, ಹೆದರಿದವರೆಲ್ಲ ಒಟ್ಟಿಗೆ ಇರುವುದು ಆಗಲೇ. ಮುಂದೆ ನಿಂತವರ ಚೀಲ ನೋಡಬೇಡಿ. ಇದು ತಮಾಷೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಒಂದು ವಸ್ತು ಖಾಲಿಯಾಗಿದ್ದರೆ ಅದರ ಬದಲಿಗೆ ಸಿಕ್ಕಿದ್ದನ್ನು ತುಂಬಬೇಡಿ, ಎರಡು ದಿನ ಬಿಟ್ಟು ಬನ್ನಿ.

ಅಂಗಡಿಯ ಮಾಮ ಆ ದಿನ ಮಾಡಿದ ಒಂದು ಕೆಲಸ ನನಗೆ ಅರ್ಥವಾದದ್ದು ಆಮೇಲೆ. ಅವರು ಅಕ್ಕಿ ಒಬ್ಬರಿಗೆ ಐದು ಕಿಲೋ ಮೇಲೆ ಕೊಡುತ್ತಿರಲಿಲ್ಲ, ಹಿಂದೆ ಮೂರು ಚೀಲ ಗೋಣಿ ಮುಚ್ಚಿ ಇಟ್ಟಿದ್ದರು. ಕಾರಿನಲ್ಲಿ ಬಂದವರೊಬ್ಬರು ಅದನ್ನು ಕಂಡು, ಅಕ್ಕಿ ಇದ್ದರೂ ಇಲ್ಲ ಎನ್ನುತ್ತೀರಾ ಎಂದು ದೊಡ್ಡ ಗಲಾಟೆ ಮಾಡಿದರು. ಮಾಮ ಜಗ್ಗಲಿಲ್ಲ. ಮಧ್ಯಾಹ್ನ ಕಟ್ಟಡ ಕೆಲಸದ ಹುಡುಗರು ಬಂದರು. ಅವರು ಅಕ್ಕಿ ಕೊಳ್ಳುವುದೇ ದಿನಕ್ಕೆ ಒಂದು ಕಿಲೋ, ಐವತ್ತು ಗ್ರಾಂ ಚಹಾಪುಡಿ, ಒಂದು ಸಣ್ಣ ಪೊಟ್ಟಣ ಎಣ್ಣೆ. ಅವರಿಗೆ ಒಟ್ಟಿಗೆ ಕೊಳ್ಳಲು ದುಡ್ಡೂ ಇಲ್ಲ, ಇಡಲು ಜಾಗವೂ ಇಲ್ಲ. ಬೆಳಿಗ್ಗೆ ಏಳಕ್ಕೆ ಅಂಗಡಿ ಖಾಲಿಯಾಗಿದ್ದರೆ ಆ ದಿನ ಅವರಿಗೆ ಊಟ ಇಲ್ಲ. ಆ ಮೂರು ಚೀಲ ಅವರಿಗೆ.

ದೊಡ್ಡ ಪ್ರಮಾಣದಲ್ಲಿ ಇದೇ ಆದರೆ ಏನಾಗುತ್ತದೆ ಎನ್ನುವುದಕ್ಕೆ 1943ರ ಬಂಗಾಳ ಇದೆ. ಸುಮಾರು 30 ಲಕ್ಷ ಜನ ಸತ್ತರು ಎಂದು ಅಂದಾಜು. ಆ ವರ್ಷ ಬಂಗಾಳದಲ್ಲಿ ಅಕ್ಕಿ ಅಷ್ಟೇನೂ ಕಮ್ಮಿ ಇರಲಿಲ್ಲ, ಯುದ್ಧಕಾಲದ ಬೆಲೆಯೇರಿಕೆ ಮತ್ತು ಹೆದರಿಕೆಯ ದಾಸ್ತಾನಿನಿಂದ ಅದು ಕೂಲಿಯವರ ಕೈಗೆ ಎಟುಕದಂತಾಯಿತು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದಾರೆ. ಬಿಜೈಯ ರವೆ ಸಾಲಿಗೆ ಇದನ್ನು ಹೋಲಿಸುವುದು ಅತಿಯಾಯಿತು ಎನ್ನಬಹುದು. ಇರಲಿ, ಗೋಣಿ ಮುಚ್ಚಿದ ಆ ಮೂರು ಚೀಲ ನೆನಪಾದಾಗ ನನಗೆ ಇದೂ ನೆನಪಾಗುತ್ತದೆ.

ಈಗಾಗಲೇ ತಂದಾಗಿದ್ದರೆ

ನಾಚಿಕೆ ಬಿಟ್ಟು ಹಂಚಿಬಿಡಿ, ಹುಳ ಬರುವ ಮೊದಲು. ಪ್ಯಾಕೆಟ್ ಒಡೆಯದೇ ಇದ್ದರೆ ಗುರುತಿನ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ ನೋಡಿ. ಇಲ್ಲವಾದರೆ ಮನೆಕೆಲಸಕ್ಕೆ ಬರುವವರು, ವಾಚ್‌ಮನ್ ಮನೆ, ಪಕ್ಕದ ಫ್ಲಾಟಿನ ವಯಸ್ಸಾದವರು. ಆದರೆ ನೀವು ತಿನ್ನದ್ದನ್ನು, ಹಳಸಿದ್ದನ್ನು ದಾನ ಎಂದು ಕೊಡಬೇಡಿ. ಉಳಿದದ್ದನ್ನು ತಿಂದು ಮುಗಿಸುವವರೆಗೆ ಹೊಸದು ತರಬೇಡಿ. ಅಂಗಡಿಗಳು ಹೆದರಿ ದುಪ್ಪಟ್ಟು ತರಿಸಿರುತ್ತವೆ, ಹದಿನೈದು ದಿನದಲ್ಲಿ ಹಲಗೆ ಮತ್ತೆ ತುಂಬಿರುತ್ತದೆ. ನಮ್ಮ ಅಂಗಡಿಯಲ್ಲಿ ಏಪ್ರಿಲ್ ಮಧ್ಯಕ್ಕೆ ರವೆಯ ಪ್ಯಾಕೆಟ್ ಬಾಗಿಲವರೆಗೂ ಜೋಡಿಸಿಟ್ಟಿದ್ದರು.

ನನ್ನ ಆರು ಕಿಲೋದಲ್ಲಿ ಎರಡು ಕಿಲೋ ಉಪ್ಪಿಟ್ಟಾಯಿತು, ಉಪ್ಪಿಟ್ಟು ಸಾಕಾಗಿ ಒಂದು ಕಿಲೋ ಶೀರಾ ಆಯಿತು. ಒಂದು ಕಿಲೋ ಎದುರಿನ ಫ್ಲಾಟಿನವರಿಗೆ ಕೊಟ್ಟೆ, ಅವರು ನಗುತ್ತಾ ಒಳಗಿನಿಂದ ತಮ್ಮ ನಾಲ್ಕು ಕಿಲೋ ತೋರಿಸಿದರು. ಉಳಿದ ಎರಡು ಕಿಲೋ ಹುರಿಯದೆ ಹಾಗೇ ಇಟ್ಟಿದ್ದೆ. ಜೂನ್ ಎರಡನೇ ವಾರ ಡಬ್ಬ ತೆರೆದರೆ ಒಳಗೆ ಸಣ್ಣ ಬಿಳಿ ಬಲೆ, ಅಲ್ಲಲ್ಲಿ ಗಂಟು, ಸೌಟು ಹಾಕಿದರೆ ರವೆ ತಾನೇ ಅಲುಗಾಡುತ್ತಿತ್ತು. ಅಮ್ಮ ಏನೂ ಹೇಳದೆ ಡಬ್ಬ ಎತ್ತಿಕೊಂಡು ಹೋಗಿ ಕೆಳಗಿನ ಮನೆಯವರ ಕೋಳಿಗಳಿಗೆ ಸುರಿದರು. ಹೊರಗೆ ಮಳೆ ಜೋರಾಗಿತ್ತು. ಮೈದಾ ಇನ್ನೂ ಚೆನ್ನಾಗಿತ್ತು, ಹಾಗಾಗಿ ಆ ಸಂಜೆ ಗೋಳಿಬಜೆ ಮಾಡಿದೆವು.